ಕೈಗೊಂದು ಕೆಲಸ ಕೊಡಿ: ಕುಟುಂಬದ ಫೋಟೋ ಸಹಜವಾಗಿ ಬರಬೇಕೆಂದರೆ

"ಎಲ್ಲರೂ ಈ ಕಡೆ ನೋಡಿ, ಸ್ವಲ್ಪ ನಗಿ" ಎಂದ ತಕ್ಷಣ ಏನಾಗುತ್ತದೆ ಗಮನಿಸಿ. ಅಪ್ಪನ ಭುಜ ಬಿಗಿಯಾಗುತ್ತದೆ. ಅಮ್ಮ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮಗು ಇರುವ ಹಲ್ಲನ್ನೆಲ್ಲ ತೋರಿಸುತ್ತದೆ. ಕೈ ಎಲ್ಲಿಡಬೇಕು ಅಂತ ಯಾರಿಗೂ ತೋಚುವುದಿಲ್ಲ. ಎರಡು ನಿಮಿಷದ ಹಿಂದೆ ಇದೇ ಜನ ಗಲಗಲ ಮಾತಾಡಿಕೊಂಡು ಆರಾಮಾಗಿದ್ದರು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಬಾಯಿಯ ತುದಿಯನ್ನು ಮೇಲೆಳೆಯುವ ಸ್ನಾಯು ನಮ್ಮ ಮಾತು ಕೇಳುತ್ತದೆ, ನಗು ಎಂದರೆ ನಗುತ್ತದೆ. ಕಣ್ಣಿನ ಸುತ್ತ ಇರುವ ಸ್ನಾಯು ಅಷ್ಟು ಸುಲಭವಾಗಿ ಕೇಳುವುದಿಲ್ಲ. ನಿಜವಾಗಿ ಖುಷಿಯಾದಾಗಲೇ ಅದು ಕದಲುವುದು ಜಾಸ್ತಿ. ಫ್ರಾನ್ಸಿನ ನರತಜ್ಞ ಡುಶೆನ್ 1862ರಲ್ಲೇ ಈ ವ್ಯತ್ಯಾಸವನ್ನು ಬರೆದಿಟ್ಟಿದ್ದಾರೆ. ಕಣ್ಣೂ ಸೇರಿ ನಗುವ ನಗುವನ್ನು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಬಾಯಿ ಮಾತ್ರ ನಕ್ಕ ಫೋಟೋ ನೋಡಿದಾಗ ಏನೋ ಸರಿಯಿಲ್ಲ ಅನ್ನಿಸುವುದು ಇದಕ್ಕೇ.

ಹಾಗಾಗಿ "ಸಹಜವಾಗಿರಿ" ಎಂದು ಹೇಳುವುದರಿಂದ ಏನೂ ಪ್ರಯೋಜನವಿಲ್ಲ. ಮಾಡಲು ಏನಾದರೂ ಕೆಲಸ ಕೊಡಿ. ಕೈ, ಕಣ್ಣು, ಮನಸ್ಸು ಆ ಕೆಲಸದ ಕಡೆ ಹೋದರೆ ಕ್ಯಾಮೆರಾ ತಾನಾಗಿ ಮರೆತುಹೋಗುತ್ತದೆ. ಎಂಥ ಕೆಲಸ, ಯಾವಾಗ, ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ನಿಮ್ಮ ಹತ್ತಿರ ದೊಡ್ಡ ಕ್ಯಾಮೆರಾ ಇರಲಿ, ಬರೀ ಫೋನ್ ಇರಲಿ, ವಿಧಾನ ಒಂದೇ.

ಹೆಜ್ಜೆ 1: ಹೊತ್ತು, ಜಾಗ, ಬಟ್ಟೆ

ಚಿಕ್ಕ ಮಕ್ಕಳಿದ್ದರೆ ಅವರ ನಿದ್ದೆ ಮತ್ತು ಊಟದ ಹೊತ್ತು ನೋಡಿಕೊಂಡೇ ಸಮಯ ಗೊತ್ತುಮಾಡಿ. ಬೆಳಕು ಎಷ್ಟೇ ಚೆನ್ನಾಗಿರಲಿ, ಹಸಿದ ಮಗು ನಗುವುದಿಲ್ಲ. ವಯಸ್ಸಾದವರಿದ್ದರೆ ಕುರ್ಚಿ ಹತ್ತಿರದಲ್ಲೇ ಇರಲಿ. ಒಟ್ಟು ಒಂದು ಗಂಟೆಗಿಂತ ಜಾಸ್ತಿ ಎಳೆಯಬೇಡಿ.

ಜಾಗ ಅವರಿಗೆ ಮೊದಲೇ ರೂಢಿ ಇರುವಂಥದ್ದಾಗಿರಲಿ. ದಿನಾ ಕೂರುವ ಸೋಫಾ, ಮನೆ ಹಿತ್ತಲು, ಸಂಜೆ ಓಡಾಡುವ ಪಾರ್ಕು. ಹೊಸ ಜಾಗಕ್ಕೆ ಹೋದರೆ ಮೊದಲ ಅರ್ಧ ಗಂಟೆ ಆ ಜಾಗಕ್ಕೆ ಹೊಂದಿಕೊಳ್ಳುವುದರಲ್ಲೇ ಕಳೆಯುತ್ತದೆ. ಮನೆಯೊಳಗಾದರೆ ದೊಡ್ಡ ಕಿಟಕಿಯ ಪಕ್ಕ ಕೂರಿಸಿ, ಮೇಲಿನ ಲೈಟುಗಳನ್ನು ಆರಿಸಿ. ಎರಡು ಬಣ್ಣದ ಬೆಳಕು ಸೇರಿದರೆ ಮುಖದ ಬಣ್ಣ ಕೆಡುತ್ತದೆ. ಹೊರಗಾದರೆ ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಚೆನ್ನ. ನಡುಹಗಲೇ ಗತಿ ಎಂದಾದರೆ ಪೂರ್ತಿ ನೆರಳಿರುವ ಕಡೆ ಹೋಗಿ. ಬಿಸಿಲಿಗೆ ಮುಖ ಮಾಡಿ ನಿಂತವರು ಕಣ್ಣು ಕಿರಿದು ಮಾಡಿಯೇ ಮಾಡುತ್ತಾರೆ.

ಬಟ್ಟೆಯ ಬಗ್ಗೆ ಒಂದೇ ಮಾತು: ಅದನ್ನು ಹಾಕಿಕೊಂಡು ನೆಲದ ಮೇಲೆ ಕೂತು, ಎದ್ದು, ಮಗುವನ್ನು ಎತ್ತಲು ಆಗಬೇಕು. ಕೊಳೆಯಾದೀತು ಎಂದು ಹೆದರಿಸುವ ಬಟ್ಟೆ ಬೇಡ.

ಇನ್ನೊಂದು ಮುಖ್ಯ ವಿಷಯ. ಮಕ್ಕಳಿಗೆ "ಇವತ್ತು ಫೋಟೋ ತೆಗೆಯೋದಿದೆ, ಗಲಾಟೆ ಮಾಡಬಾರದು" ಅಂತ ಬೆಳಿಗ್ಗೆಯಿಂದ ಹೇಳುತ್ತಾ ಬಂದರೆ ಅಲ್ಲಿಗೆ ಮುಗಿಯಿತು. "ಇವತ್ತು ಎಲ್ಲರೂ ಸೇರಿ ಆಟ ಆಡೋಣ" ಎಂದಷ್ಟೇ ಹೇಳಿ. ದೊಡ್ಡವರಿಗೂ ಮೊದಲೇ ತಿಳಿಸಿ: ಕ್ಯಾಮೆರಾ ಕಡೆ ನೋಡಬೇಕಾಗಿಲ್ಲ, ನಾನು ಕರೆದಾಗ ನೋಡಿದರೆ ಸಾಕು.

ಹೆಜ್ಜೆ 2: ಸಾಲಾಗಿ ನಿಂತ ಫೋಟೋ ಮೊದಲು ಮುಗಿಸಿ

ಸಹಜ ಫೋಟೋ ಬೇಕು ಎನ್ನುವವರು ಗುಂಪು ಫೋಟೋವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನನಗಂತೂ ಮೊದಲೇ ತೆಗೆಯುವುದು ಒಳ್ಳೆಯದು ಅನ್ನಿಸುತ್ತದೆ. ಮನೆಯ ಹಿರಿಯರು ಅದಕ್ಕಾಗಿಯೇ ಕಾಯುತ್ತಿರುತ್ತಾರೆ. ಬಟ್ಟೆ ಇನ್ನೂ ಸುಕ್ಕಾಗಿರುವುದಿಲ್ಲ, ಮಕ್ಕಳಿಗೆ ತಾಳ್ಮೆ ಇರುತ್ತದೆ. ಐದು ನಿಮಿಷದಲ್ಲಿ ಮುಗಿಸಿ "ಸರಿ, ಮುಖ್ಯವಾದದ್ದು ಆಯ್ತು" ಎಂದು ಜೋರಾಗಿ ಹೇಳಿ. ಆ ಮಾತು ಕೇಳಿದ ಕೂಡಲೇ ಎಲ್ಲರ ಭುಜ ಇಳಿಯುತ್ತದೆ. ಕ್ಯಾಮೆರಾ ಕೆಳಗಿಡಬೇಡಿ, ಆ ಕ್ಷಣವನ್ನೂ ತೆಗೆಯಿರಿ.

ಗುಂಪು ಫೋಟೋದಲ್ಲಿ ಒಬ್ಬರಲ್ಲ ಒಬ್ಬರು ಕಣ್ಣು ಮುಚ್ಚಿರುತ್ತಾರೆ. ಮನುಷ್ಯ ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತಾನೆ. ಜನ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಉದ್ದ ಉಸಿರು ತೆಗೆದುಕೊಳ್ಳಲಿ. ನೀವು ಮೂರು ಎಣಿಸಿದಾಗ ಕಣ್ಣು ತೆರೆಯಲಿ. ತೆರೆದ ಕೂಡಲೇ ನಾಲ್ಕೈದು ಫೋಟೋ ಒಟ್ಟಿಗೆ ತೆಗೆಯಿರಿ. ಉಸಿರು ಬಿಟ್ಟ ಮೇಲೆ ಮುಖದ ಬಿಗಿಯೂ ಸಡಿಲವಾಗಿರುತ್ತದೆ.

ನಿಲ್ಲಿಸುವಾಗ ಒಬ್ಬರಿಗೊಬ್ಬರು ತಾಕುವಷ್ಟು ಹತ್ತಿರ ನಿಲ್ಲಿಸಿ. ಕೈ ಖಾಲಿ ಬಿಡಬೇಡಿ. ಒಂದು ಕೈ ಮಗಳ ಹೆಗಲ ಮೇಲೆ, ಇನ್ನೊಂದು ಜೇಬಿನಲ್ಲಿ ಇರಲಿ. ಸಾಲಿನ ತುದಿಯಲ್ಲಿ ನಿಂತವರನ್ನು ಸ್ವಲ್ಪ ಒಳಗೆ ತಿರುಗಿಸಿ. ಫೋನಿನ ಅಗಲ ಲೆನ್ಸ್ ಬಳಸಿದರೆ ತುದಿಯಲ್ಲಿರುವವರು ಅಡ್ಡಕ್ಕೆ ಹಿಗ್ಗಿ ಕಾಣುತ್ತಾರೆ. ಆದ್ದರಿಂದ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಸಾಮಾನ್ಯ ಲೆನ್ಸ್ ಅಥವಾ ಎರಡು ಪಟ್ಟು ಜೂಮ್ ಇಟ್ಟುಕೊಳ್ಳಿ.

ಹೆಜ್ಜೆ 3: ನಡೆಸಿ

ಸಾಲು ಕರಗಿದ ಮೇಲೆ ಮೊದಲ ಚಟುವಟಿಕೆ ನಡಿಗೆಯೇ ಆಗಲಿ. ಯಾರಿಗೂ ಕಲಿಸಬೇಕಾಗಿಲ್ಲ, ಯಾರಿಗೂ ಮುಜುಗರವಿಲ್ಲ. ಇಪ್ಪತ್ತು ಹೆಜ್ಜೆ ದೂರದಿಂದ ನಿಮ್ಮ ಕಡೆ ನಡೆದು ಬರಲಿ.

"ನಡೀರಿ" ಎಂದಷ್ಟೇ ಹೇಳಿದರೆ ಮೆರವಣಿಗೆಗೆ ಹೊರಟವರ ಹಾಗೆ ನೆಟ್ಟಗೆ ಬರುತ್ತಾರೆ. ಅದಕ್ಕೇ ಜೊತೆಗೆ ಇನ್ನೊಂದು ಕೆಲಸ ಸೇರಿಸಿ. ಕೈ ಹಿಡಿದುಕೊಂಡು, ಒಬ್ಬರಿಗೊಬ್ಬರು ಸುಮ್ನೆ ಸೊಂಟ ತಾಗಿಸುತ್ತಾ ಬನ್ನಿ. ಅಥವಾ ಎಲ್ಲರೂ ಒಂದೇ ಕಾಲು ಒಟ್ಟಿಗೆ ಇಡುತ್ತಾ ಬನ್ನಿ. ಯಾರಾದರೊಬ್ಬರು ತಪ್ಪಿಯೇ ತಪ್ಪುತ್ತಾರೆ, ಆಗ ಎಲ್ಲರೂ ಅವರ ಕಡೆ ತಿರುಗುತ್ತಾರೆ, ನಗು ಶುರುವಾಗುತ್ತದೆ. ಮಗು ನಡುವೆ ಇದ್ದರೆ ಮೂರು ಹೆಜ್ಜೆಗೊಮ್ಮೆ ಕೈ ಹಿಡಿದು ಮೇಲೆತ್ತಿ. ಆದರೆ ಐದು ವರ್ಷದೊಳಗಿನ ಮಗುವನ್ನು ಕೈ ಹಿಡಿದು ಎಳೆದೆತ್ತಬಾರದು, ಮೊಣಕೈ ಕೀಲು ಜಾರುವ ಅಪಾಯವಿದೆ. ಅಂಥವರನ್ನು ಕಂಕುಳ ಕೆಳಗೆ ಹಿಡಿದು ಎತ್ತಿ.

ನೀವು ಮಂಡಿಯೂರಿ ಕೂತು, ಮಗುವಿನ ಎದೆಯ ಎತ್ತರದಿಂದ ತೆಗೆಯಿರಿ. ಕ್ಯಾಮೆರಾ ಆದರೆ ನಡಿಗೆಗೆ ಶಟರ್ ಸ್ಪೀಡ್ (ಒಂದು ಫೋಟೋಗೆ ಬೆಳಕು ಒಳಬರುವ ಹೊತ್ತು) 1/250 ಸೆಕೆಂಡಿಗಿಂತ ನಿಧಾನ ಬೇಡ. ಓಡಾಟಕ್ಕೆ 1/500, ಜಿಗಿಯುವುದಕ್ಕೆ 1/1000. ಫೋಕಸ್ ಬಿಡದೆ ಹಿಂಬಾಲಿಸುವ ಮೋಡ್‌ನಲ್ಲಿರಲಿ. ಎರಡು ಮೂರು ಜನ ಮುಂದೆ ಹಿಂದೆ ಇದ್ದರೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 4ರಿಂದ ಎಫ್ 5.6 ಸುರಕ್ಷಿತ (ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅದಕ್ಕಿಂತ ಜಾಸ್ತಿ ತೆರೆದರೆ ಒಬ್ಬರ ಮುಖ ಸ್ಪಷ್ಟ, ಇನ್ನೊಬ್ಬರದು ಮಸುಕು. ಫೋನ್ ಆದರೆ ಇದ್ಯಾವುದರ ತಲೆಬಿಸಿ ಬೇಡ. ಒಂದರ ಹಿಂದೊಂದು ಫೋಟೋ ತೆಗೆಯುವ ಬರ್ಸ್ಟ್ ಮೋಡ್ ಬಳಸಿ, ಬೆಳಕು ಚೆನ್ನಾಗಿರುವ ಕಡೆ ನಿಲ್ಲಿ.

ನಡಿಗೆಯನ್ನು ಎರಡು ಸಲ ಮಾಡಿಸಿ. ಮೊದಲ ಸಲ ಹೇಗಿರಬೇಕು ಎಂದು ಯೋಚಿಸುತ್ತಿರುತ್ತಾರೆ. ಎರಡನೇ ಸಲ ಮಾತಿನಲ್ಲಿ ಮುಳುಗಿರುತ್ತಾರೆ.

ಹೆಜ್ಜೆ 4: ಕೂರಿಸಿ, ಮಾತಿಗೆ ಎಳೆಯಿರಿ

ನೆಲಕ್ಕೆ ಒಂದು ದೊಡ್ಡ ಚಾಪೆ ಅಥವಾ ಕಂಬಳಿ ಹಾಸಿ. ಅದರ ಮೇಲೆ ಎಲ್ಲರೂ ಕೂರಬೇಕೆಂದರೆ ಒತ್ತಿಕೊಂಡೇ ಕೂರಬೇಕು. ಮಂಡಿ ನೋವಿರುವವರು ಕುರ್ಚಿಯಲ್ಲಿ ಕೂತರೆ ಉಳಿದವರು ಅವರ ಕಾಲ ಬಳಿ ಸೇರಲಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಆಟ. ನೀವು ಒಂದು ಪ್ರಶ್ನೆ ಕೇಳುತ್ತೀರಿ, ಮೂರು ಎಣಿಸುತ್ತೀರಿ, ಎಲ್ಲರೂ ಒಟ್ಟಿಗೆ ಉತ್ತರದ ಕಡೆ ಬೆರಳು ತೋರಿಸಬೇಕು. ಈ ಮನೆಯಲ್ಲಿ ಬೆಳಿಗ್ಗೆ ಏಳೋಕೆ ಜಾಸ್ತಿ ಸತಾಯಿಸೋದು ಯಾರು? ಚಾರ್ಜರ್ ಎಲ್ಲೋ ಇಟ್ಟು ಮರೆಯೋದು ಯಾರು? ದಾರಿ ಗೊತ್ತಿಲ್ಲದಿದ್ದರೂ ಯಾರನ್ನೂ ಕೇಳದೆ ಹೋಗೋದು ಯಾರು?

ಇಲ್ಲಿ ಏನಾಗುತ್ತದೆ ಎಂದು ಹತ್ತಿರದಿಂದ ನೋಡಿ. "ಗೊರಕೆ ಹೊಡೆಯೋದು ಯಾರು?" ಎಂದು ಕೇಳಿದಿರಿ. ಮೂರು ಎಣಿಸಿದ ಕೂಡಲೇ ನಾಲ್ಕು ಬೆರಳು ತಾತನ ಕಡೆ. ತಾತನ ಬೆರಳು ಮಾತ್ರ ಅಜ್ಜಿಯ ಕಡೆ. ಈ ಹೊತ್ತಿಗೆ ತೆಗೆದ ಫೋಟೋ ತುಂಬಾ ಚೆನ್ನಾಗಿರುವುದಿಲ್ಲ, ಕೈಗಳು ಮುಖಕ್ಕೆ ಅಡ್ಡ ಬಂದಿರುತ್ತವೆ. ಕಾಯಿರಿ. ಅಜ್ಜಿ ಬಾಯಿ ತೆರೆದು "ನಾನಾ?" ಎಂದು ತಾತನ ಕಡೆ ತಿರುಗುತ್ತಾರೆ. ಮೊಮ್ಮಗ ಹಿಂದಕ್ಕೆ ಬಿದ್ದು ನಗುತ್ತಾನೆ. ಸೊಸೆ ನಗು ತಡೆಯಲು ಬಾಯಿ ಮೇಲೆ ಕೈ ಇಡುತ್ತಾಳೆ. ತಾತ ಕಣ್ಣು ತಗ್ಗಿಸಿ ಒಳಗೊಳಗೇ ನಗುತ್ತಾರೆ. ಬೆರಳು ತೋರಿಸಿ ಎರಡು ಮೂರು ಸೆಕೆಂಡ್ ಆದ ಮೇಲೆ ಬರುವ ಈ ಹೊತ್ತೇ ನಿಮಗೆ ಬೇಕಾದದ್ದು.

ಎಲ್ಲ ಚಟುವಟಿಕೆಯಲ್ಲೂ ಹೀಗೇ. ಒಳ್ಳೆಯ ಫೋಟೋ ಇರುವುದು ಕೆಲಸದ ನಡುವೆ ಅಲ್ಲ, ಕೆಲಸ ಮುಗಿದ ಬೆನ್ನಿಗೆ. ಒಂದು ಕ್ಲಿಕ್ ಮಾಡಿ ಪರದೆ ನೋಡಲು ತಲೆ ಬಗ್ಗಿಸಿದರೆ ಅದು ಕೈತಪ್ಪಿ ಹೋಗುತ್ತದೆ.

ಪ್ರಶ್ನೆಗಳ ಬಗ್ಗೆ ಒಂದು ಎಚ್ಚರ. ಮೈತೂಕ, ಮಾರ್ಕ್ಸು, ದುಡ್ಡು, ಮದುವೆ, ಕೆಲಸ ಇವುಗಳ ಹತ್ತಿರ ಹೋಗಬೇಡಿ. ಒಬ್ಬರ ಮುಖ ಬಾಡಿದರೆ ಇಡೀ ಗುಂಪಿನ ಮುಖ ಬಾಡುತ್ತದೆ. ಒಬ್ಬರ ಮೇಲೇ ಮೂರು ಸಲ ಬೆರಳು ಬಂದಿದ್ದರೆ ಮುಂದಿನ ಪ್ರಶ್ನೆ ಅವರನ್ನು ಹೊಗಳುವಂಥದ್ದಾಗಲಿ: ಬೇಜಾರಾದಾಗ ಎಲ್ಲರೂ ಹೋಗೋದು ಯಾರ ಹತ್ತಿರ?

ಗುಟ್ಟು ಹೇಳುವ ಆಟವೂ ಚೆನ್ನ. ಮಗು ಅಪ್ಪನ ಕಿವಿಯಲ್ಲಿ ಏನಾದರೂ ಪಿಸುಗುಡಲಿ. ನೀವು ಮಗುವಿನ ಮೇಲೆ ಫೋಕಸ್ ಮಾಡಬೇಡಿ, ಕೇಳಿಸಿಕೊಳ್ಳುತ್ತಿರುವ ಅಪ್ಪನ ಮುಖದ ಮೇಲೆ ಮಾಡಿ. ಹಾಗೇ ಅದು ಏನಿರಬಹುದು ಎಂದು ಕಾಯುತ್ತಿರುವ ಅಮ್ಮನ ಮೇಲೂ ಒಂದು ಕಣ್ಣಿರಲಿ.

ಹೆಜ್ಜೆ 5: ಮನೆಯಲ್ಲೇ ಇರುವ ಕೆಲಸ

ಆಟ ಎಲ್ಲರಿಗೂ ಒಗ್ಗುವುದಿಲ್ಲ. ಮಾತು ಕಡಿಮೆ ಇರುವ ಕುಟುಂಬಗಳೂ ಇರುತ್ತವೆ. ಅವರಿಂದ ನಗು ಎಳೆಯಲು ಹೋಗಬೇಡಿ. ಶಾಂತವಾಗಿ ಕೂತ ಮುಖಗಳಲ್ಲೂ ಪ್ರೀತಿ ಕಾಣುತ್ತದೆ.

ಹಳೆಯ ಆಲ್ಬಮ್ ಒಂದು ಸಾಕು. ಅಜ್ಜಿ ನಡುವೆ, ಮಕ್ಕಳು ಎರಡೂ ಕಡೆ, ಆಲ್ಬಮ್ ಅಜ್ಜಿಯ ತೊಡೆ ಮೇಲೆ, ಕಿಟಕಿ ಪಕ್ಕದಲ್ಲಿ. ಪುಟ ತಿರುವುತ್ತಾ ಹೋದ ಹಾಗೆ ಮೂರು ತಲೆಗಳೂ ತಾವಾಗಿ ಹತ್ತಿರ ಬರುತ್ತವೆ. ಮಗು ಒಂದು ಫೋಟೋ ಮೇಲೆ ಬೆರಳಿಟ್ಟು "ಇದು ಯಾರು?" ಅನ್ನುತ್ತದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗುತ್ತಾರೆ. ಮೊದಲು ದೂರದಿಂದ ಮೂವರನ್ನೂ ತೆಗೆಯಿರಿ. ಆಮೇಲೆ ನಿಧಾನವಾಗಿ ಹತ್ತಿರ ಹೋಗಿ, ಪುಟದ ಮೇಲಿರುವ ಎರಡು ಕೈಗಳನ್ನಷ್ಟೇ ತೆಗೆಯಿರಿ. ಒಂದು ಸುಕ್ಕುಗಟ್ಟಿದ ಕೈ, ಒಂದು ಪುಟ್ಟ ಕೈ. ಈ ಫೋಟೋಗೆ ಮುಖವೇ ಬೇಕಾಗಿಲ್ಲ. ಎಲ್ಲರೂ ಕೆಳಗೆ ನೋಡುತ್ತಿರುವುದರಿಂದ ನೀವು ನೆಲದ ಮೇಲೆ ಕೂತು ಸ್ವಲ್ಪ ಕೆಳಗಿನಿಂದ ತೆಗೆಯಬೇಕು, ಇಲ್ಲದಿದ್ದರೆ ಬರೀ ನೆತ್ತಿ ಕಾಣುತ್ತದೆ.

ಅಡುಗೆಮನೆಯಲ್ಲಿ ಹಿಟ್ಟು ನಾದುವುದು, ಕಾಳು ಬಿಡಿಸುವುದು, ಗಿಡಕ್ಕೆ ನೀರು ಹಾಕುವುದು, ಕಥೆ ಓದಿ ಹೇಳುವುದು, ತಂಗಿಗೆ ಅಕ್ಕ ತಲೆ ಬಾಚುವುದು, ಎಲ್ಲರೂ ಸೇರಿ ಸೈಕಲ್ ತೊಳೆಯುವುದು ಇವೆಲ್ಲ ಆಗುತ್ತವೆ. ಕೆಲಸ ಯಾವುದಾದರೂ ಇರಲಿ, ಅದು ನಿಜವಾದ ಕೆಲಸವಾಗಿರಬೇಕು. ಖಾಲಿ ಪಾತ್ರೆಯಲ್ಲಿ ಸೌಟು ಆಡಿಸುವವರ ಕೈ ನೋಡಿದರೆ ಗೊತ್ತಾಗಿಬಿಡುತ್ತದೆ. ಪಾತ್ರೆಯಲ್ಲಿ ಏನಾದರೂ ಕುದಿಯುತ್ತಿರಲಿ.

ವಯಸ್ಸಿಗೆ ತಕ್ಕ ಹಾಗೆ

ಎರಡು ಮೂರು ವರ್ಷದ ಮಕ್ಕಳಿಗೆ "ಇಲ್ಲಿ ನೋಡು" ಎನ್ನುವುದು ದಂಡ. ಅಪ್ಪನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಇಣುಕಲು ಹೇಳಿ. ಕಂಬಳಿಯ ನಾಲ್ಕು ತುದಿ ದೊಡ್ಡವರು ಹಿಡಿದು, ಮಗುವನ್ನು ಅದರೊಳಗೆ ಮಲಗಿಸಿ ನೆಲಕ್ಕೆ ತೀರಾ ಹತ್ತಿರದಲ್ಲೇ ಮೆಲ್ಲಗೆ ತೂಗಲಿ. ಸೋಪಿನ ಗುಳ್ಳೆ ಊದುವುದು ಎಂದೂ ಕೈಕೊಡುವುದಿಲ್ಲ. ಗುಳ್ಳೆ ಊದುವವರು ನಿಮ್ಮ ಹಿಂದೆ ನಿಂತರೆ ಮಗುವಿನ ನೋಟ ತಾನಾಗಿ ಕ್ಯಾಮೆರಾ ಕಡೆ ಬರುತ್ತದೆ. ಮಗುವನ್ನು ಮೇಲಕ್ಕೆ ಎಸೆದು ಹಿಡಿಯುವ ಫೋಟೋಗಳನ್ನು ಎಲ್ಲರೂ ಕೇಳುತ್ತಾರೆ. ಅದನ್ನು ಬಿಟ್ಟುಬಿಡಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ತಲೆಯ ಮೇಲಕ್ಕೆ ಎತ್ತಿದರೂ ಅದೇ ಖುಷಿ ಮುಖದಲ್ಲಿ ಬರುತ್ತದೆ.

ಹದಿಹರೆಯದವರ ವಿಷಯದಲ್ಲಿ ಗೌರವ ಬೇಕು. ಅವರಿಗೆ ತಮ್ಮ ಮುಖ, ಮೈಕಟ್ಟಿನ ಬಗ್ಗೆ ನೂರೆಂಟು ಯೋಚನೆ ಇರುತ್ತದೆ. ಎಲ್ಲರೆದುರು "ನಗೋ, ಯಾಕೆ ಮುಖ ಗಂಟು ಹಾಕ್ಕೊಂಡಿದೀಯ" ಎನ್ನಬೇಡಿ. ಹಾಡು ಆರಿಸುವ ಕೆಲಸ ಅವರಿಗೆ ಕೊಡಿ. ಅಥವಾ ಕ್ಯಾಮೆರಾವನ್ನೇ ಹತ್ತು ನಿಮಿಷ ಅವರ ಕೈಗೆ ಕೊಡಿ. ಅಮ್ಮನಿಗೆ ಏನಾದರೂ ಕಲಿಸಲು ಹೇಳಿ, ಒಂದು ಡ್ಯಾನ್ಸ್ ಹೆಜ್ಜೆಯೋ, ಚೆಂಡನ್ನು ಬೆರಳ ಮೇಲೆ ತಿರುಗಿಸುವುದೋ. ಕಲಿಸುವವರ ಮುಖದಲ್ಲಿ ಸಂಕೋಚ ಇರುವುದಿಲ್ಲ. ತೆಗೆದ ಫೋಟೋವನ್ನು ಎಲ್ಲಾದರೂ ಹಾಕುವ ಮುಂಚೆ ಅವರನ್ನು ಕೇಳಿ. ಬೇಡ ಎಂದರೆ ಬೇಡ.

ಫೋಟೋ ಎಂದರೆ ದೂರ ಸರಿಯುವ ಗಂಡಸರು ಬಹಳ ಮನೆಗಳಲ್ಲಿದ್ದಾರೆ. ಅವರಿಗೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುವ ಕೆಲಸ ಕೊಡಿ. ಎರಡೂ ಕೈ ಮಗುವಿನ ಕಾಲು ಹಿಡಿದಿರುತ್ತವೆ, ಗಮನ ಪೂರ್ತಿ ಮೇಲಿರುತ್ತದೆ. ನಾಯಿ, ಬೆಕ್ಕು ಇದ್ದರೆ ಅವೂ ಬರಲಿ.

ಕ್ಯಾಮೆರಾ ಹಿಡಿದವರು ಮಾಡಬೇಕಾದದ್ದು

ಒಮ್ಮೆ ಕೆಲಸ ಹಚ್ಚಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. "ಸ್ವಲ್ಪ ಎಡಕ್ಕೆ, ತಲೆ ಎತ್ತಿ" ಎನ್ನುತ್ತಾ ಹೋದರೆ ಎಲ್ಲರಿಗೂ ಮತ್ತೆ ಕ್ಯಾಮೆರಾ ನೆನಪಾಗುತ್ತದೆ. ಜಾಗ ಸರಿಯಿಲ್ಲ ಅನ್ನಿಸಿದರೆ ನೀವೇ ಓಡಾಡಿ. ಪರದೆ ಪದೇ ಪದೇ ನೋಡಬೇಡಿ. ತೆಗೆಯುವಾಗ ಮುಖ ಮಾತ್ರ ನೋಡದೆ ಕೈಗಳನ್ನೂ ನೋಡಿ. ಮುಖ ನಗುತ್ತಿದ್ದರೂ ಮುಷ್ಟಿ ಬಿಗಿದಿದ್ದರೆ ಅವರಿನ್ನೂ ಆರಾಮಾಗಿಲ್ಲ ಎಂದರ್ಥ.

ಯಾರಿಗೂ "ಸರಿಯಾಗಿ ಬರಲಿಲ್ಲ, ಮತ್ತೆ ಮಾಡಿ" ಎನ್ನಬೇಡಿ. "ಇದು ಚೆನ್ನಾಗಿತ್ತು, ಇನ್ನೊಂದ್ಸಲ ಮಾಡೋಣ" ಎಂದರೆ ಅದೇ ಕೆಲಸ ಆಗುತ್ತದೆ.

ಮನೆಯಲ್ಲಿ ಯಾವಾಗಲೂ ಫೋಟೋ ತೆಗೆಯುವವರು ಯಾವ ಫೋಟೋದಲ್ಲೂ ಇರುವುದಿಲ್ಲ, ಅಲ್ವಾ? ಅದಕ್ಕೆ ದಾರಿ ಇದೆ. ಫೋನನ್ನು ಟ್ರೈಪಾಡ್ ಮೇಲೆ ಅಥವಾ ಪುಸ್ತಕಗಳ ರಾಶಿಯ ಮೇಲೆ ನಿಲ್ಲಿಸಿ, ಕೆಲವು ಸೆಕೆಂಡಿಗೊಂದು ಫೋಟೋ ತಾನಾಗಿ ತೆಗೆಯುವ ಇಂಟರ್ವಲ್ ಟೈಮರ್ ಆ್ಯಪ್ ಹಾಕಿ, ನೀವೂ ಹೋಗಿ ಸೇರಿಕೊಳ್ಳಿ. ಹತ್ತು ಸೆಕೆಂಡಿನ ಮಾಮೂಲಿ ಟೈಮರ್‌ಗಿಂತ ಇದು ಎಷ್ಟೋ ವಾಸಿ. ಅದರಲ್ಲಿ ಎಲ್ಲರೂ ಉಸಿರು ಹಿಡಿದು ಆ ಒಂದು ಕ್ಲಿಕ್ಕಿಗೆ ಕಾಯುತ್ತಾರೆ. ಇಲ್ಲಿ ಐದಾರು ಕ್ಲಿಕ್ ಆದ ಮೇಲೆ ಯಾರೂ ಎಣಿಸುವುದಿಲ್ಲ. ಬೇಕಿದ್ದರೆ 4ಕೆ ವಿಡಿಯೋ ಮಾಡಿ, ಆಮೇಲೆ ಒಂದು ಫ್ರೇಮ್ ತೆಗೆದುಕೊಳ್ಳಬಹುದು. ಒಂದು ಫ್ರೇಮಿನಲ್ಲಿ ಸುಮಾರು 8 ಮೆಗಾಪಿಕ್ಸೆಲ್ ಇರುತ್ತದೆ, ಚಿಕ್ಕ ಪ್ರಿಂಟಿಗೆ ಸಾಕು. ಬೆಳಕು ಕಡಿಮೆ ಇದ್ದರೆ ಮಾತ್ರ ಚಲನೆಯಲ್ಲಿ ಮಸುಕಾಗಿರುತ್ತದೆ.

ಮಗು ಅತ್ತರೆ ಗಾಬರಿ ಬೇಡ. ಎತ್ತಿಕೊಂಡು ಸಮಾಧಾನ ಮಾಡಲಿ. ಅಮ್ಮನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕುವ ಮಗುವಿನ ಫೋಟೋ ಕೂಡ ಆ ಮನೆಯದ್ದೇ. ಒಂದೆರಡು ತೆಗೆದು ಕ್ಯಾಮೆರಾ ಇಳಿಸಿ. ಮತ್ತೆ ಆಡುವ ಮನಸ್ಸಾಗದಿದ್ದರೆ ಅವತ್ತಿಗೆ ಸಾಕು.

ಆರಿಸುವಾಗ

ಅವತ್ತೇ ಕೂತು ಅಳಿಸಬೇಡಿ. ಒಂದೆರಡು ದಿನ ಬಿಟ್ಟು ನೋಡಿ. ಎಲ್ಲರೂ ಕ್ಯಾಮೆರಾ ನೋಡುತ್ತಿರುವ ಫೋಟೋ ಬೇಕು ಎಂಬ ಹಟ ಬಿಡಿ. ಸ್ವಲ್ಪ ಅಲುಗಿದ, ಒಂದು ಕೈ ಮಸುಕಾದ ಫೋಟೋದಲ್ಲಿ ಜೀವ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಕೂದಲು ಹಾರಿದ್ದರೆ ಹಾರಿರಲಿ.

"ನಾನು ಇದರಲ್ಲಿ ಚೆನ್ನಾಗಿಲ್ಲ" ಎಂದು ಒಬ್ಬರಾದರೂ ಹೇಳೇ ಹೇಳುತ್ತಾರೆ. ಅದಕ್ಕೊಂದು ಕಾರಣವಿದೆ. ನಮ್ಮ ಮುಖವನ್ನು ನಾವು ದಿನಾ ನೋಡುವುದು ಕನ್ನಡಿಯಲ್ಲಿ, ಎಡಬಲ ಅದಲುಬದಲಾಗಿ. ಬೇರೆಯವರು ನೋಡುವುದು ನೇರ ಮುಖ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಜನರಿಗೆ ತಮ್ಮ ಕನ್ನಡಿ ಮುಖವೇ ಹೆಚ್ಚು ಹಿಡಿಸಿತು, ಅವರ ಗೆಳೆಯರಿಗೆ ನೇರ ಮುಖ ಹಿಡಿಸಿತು. ಆದ್ದರಿಂದ ಯಾರ ಫೋಟೋವನ್ನೂ ಅವರೊಬ್ಬರ ಕೈಲೇ ಆರಿಸಬೇಡಿ, ಅವರನ್ನು ಪ್ರೀತಿಸುವವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಅಷ್ಟಾದ ಮೇಲೂ ಅವರಿಗೆ ಬೇಡವೆನಿಸಿದರೆ ಅದನ್ನು ತೆಗೆದಿಡಿ.

ಆರಿಸಿದ್ದರಲ್ಲಿ ಹತ್ತಾದರೂ ಪ್ರಿಂಟ್ ಹಾಕಿಸಿ. 4x6 ಇಂಚಿನ ಪ್ರಿಂಟಿಗೆ 1200x1800 ಪಿಕ್ಸೆಲ್ ಸಾಕು, ಯಾವ ಫೋನಿನ ಫೋಟೋ ಆದರೂ ಆಗುತ್ತದೆ. ಆದರೆ ಮೆಸೇಜಿನಲ್ಲಿ ಕಳಿಸಿಕೊಂಡ ಫೋಟೋ ಬೇಡ, ಅದರ ಗಾತ್ರ ಕುಗ್ಗಿರಬಹುದು. ಮೂಲ ಫೈಲನ್ನೇ ಕೊಡಿ. ಪ್ರಿಂಟಿನ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದೆ ಗೆರೆ ಮೂಡುತ್ತದೆ. ಹೆಸರು, ತಾರೀಕು, ಆಗ ಏನು ಮಾಡುತ್ತಿದ್ದಿರಿ ಎಂಬುದನ್ನು ಆಲ್ಬಮ್ಮಿನ ಪುಟದಲ್ಲೇ ಫೋಟೋ ಪಕ್ಕ ಬರೆಯಿರಿ.